ಇಂಗ್ಲೆಂಡಿನ 92 ಫುಟ್‌ಬಾಲ್ ಮೈದಾನಗಳನ್ನು ನೋಡಿ ಮುಗಿಸುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಇಂಗ್ಲೆಂಡಿನ ಲೀಗ್ ಮೈದಾನಗಳನ್ನು ಒಂದೊಂದಾಗಿ ನೋಡಿಬರಬೇಕೆಂದು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಅಗ್ಗಕ್ಕೆ ಸಿಕ್ಕಿತೆಂದು ರೈಲು ಟಿಕೆಟ್ಟನ್ನು ಮೊದಲು ಕೊಳ್ಳುತ್ತಾರೆ, ಹಣ ವಾಪಸಾಗದ ಕೊಠಡಿಯನ್ನು ಆಮೇಲೆ ಕಾದಿರಿಸುತ್ತಾರೆ, ಪಂದ್ಯದ ಟಿಕೆಟ್ ಹೇಗೂ ಸಿಗುತ್ತದೆ ಎಂದು ಕೊನೆಗೆ ಬಿಡುತ್ತಾರೆ. ಅಷ್ಟರಲ್ಲಿ ಶನಿವಾರದ ಪಂದ್ಯವು ಟಿವಿ ಪ್ರಸಾರಕ್ಕಾಗಿ ಭಾನುವಾರಕ್ಕೆ ಜರುಗಿರುತ್ತದೆ, ಅಥವಾ ಸದಸ್ಯರಲ್ಲದವರಿಗೆ ಟಿಕೆಟ್ಟೇ ಇಲ್ಲವೆಂದು ತಿಳಿದುಬರುತ್ತದೆ. ಹಣವಿದ್ದೂ ಸಮಯವಿದ್ದೂ ಮೈದಾನದ ಗೋಡೆ ಮುಟ್ಟಿ ವಾಪಸಾದವರು ಬಹಳ ಮಂದಿ ಇದ್ದಾರೆ.

ಸರಿಯಾದ ಕ್ರಮ ಇದಕ್ಕೆ ತಿರುವುಮುರುವಾದದ್ದು. ಪಂದ್ಯದ ದಿನಾಂಕ ಖಚಿತವಾಗಬೇಕು, ಟಿಕೆಟ್ ಕೈಗೆ ಬರಬೇಕು, ರೈಲು ಮತ್ತು ಕೊಠಡಿಯ ಹಣ ಕಟ್ಟುವುದು ಅದಾದ ಮೇಲೆ. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ. ಯಾವುದನ್ನೂ ಹಾರಿಸದೆ, ಹಿಂದುಮುಂದು ಮಾಡದೆ ಅನುಸರಿಸುವುದು ಒಳ್ಳೆಯದು.

## ಹಂತ 1: ಪಟ್ಟಿಯನ್ನೂ ನಿಯಮವನ್ನೂ ಬರೆದಿಡಿ

92 ಎಂಬ ಸಂಖ್ಯೆ ಬರುವುದು ನಾಲ್ಕು ದರ್ಜೆಗಳಿಂದ: ಪ್ರೀಮಿಯರ್ ಲೀಗ್‌ನ 20 ತಂಡಗಳು ಮತ್ತು ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ ಎಂಬ ಮೂರು ದರ್ಜೆಗಳ ತಲಾ 24 ತಂಡಗಳು. ಇವೆಲ್ಲವೂ ಇಂಗ್ಲೆಂಡಿನ ಗಡಿಯೊಳಗೇ ಇಲ್ಲ. ಕಾರ್ಡಿಫ್, ಸ್ವಾನ್ಸಿ, ರೆಕ್ಸಮ್, ನ್ಯೂಪೋರ್ಟ್ ತಂಡಗಳು ವೇಲ್ಸಿನವಾದರೂ ಇಂಗ್ಲಿಷ್ ಲೀಗ್ ವ್ಯವಸ್ಥೆಯಲ್ಲೇ ಆಡುತ್ತವೆ. ಆದ್ದರಿಂದ ಪಶ್ಚಿಮಕ್ಕೊಂದು ಪ್ರಯಾಣವನ್ನು ಮೊದಲೇ ಲೆಕ್ಕದಲ್ಲಿ ಇಟ್ಟುಕೊಂಡಿರಬೇಕು.

ಈ ಪಟ್ಟಿ ನಿಂತ ನೀರಲ್ಲ. ಪ್ರತಿ ವರ್ಷ ಲೀಗ್ ಟೂನಿಂದ ಎರಡು ತಂಡಗಳು ಕೆಳಗಿನ ನ್ಯಾಷನಲ್ ಲೀಗ್‌ಗೆ ಇಳಿಯುತ್ತವೆ, ಅಲ್ಲಿಂದ ಎರಡು ಮೇಲೆ ಬರುತ್ತವೆ. 2025ರಲ್ಲಿ ಕಾರ್ಲೈಲ್ ಮತ್ತು ಮೋರ್ಕಂಬ್ ಇಳಿದವು, ಬಾರ್ನೆಟ್ ಮತ್ತು ಓಲ್ಡ್‌ಹ್ಯಾಮ್ ಬಂದವು. ಹಿಂದಿನ ವರ್ಷದ ಪಟ್ಟಿಯನ್ನು ಮುದ್ರಿಸಿಕೊಂಡು ಹೊರಟವರಿಗೆ ಎರಡು ಊರುಗಳ ದಾರಿ ದಂಡವಾಗುತ್ತದೆ. ಇಳಿಯುವ ಅಪಾಯದಲ್ಲಿರುವ ತಂಡಗಳ ಮೈದಾನಗಳನ್ನು ಋತುವಿನ ಕೊನೆಗೆ ಉಳಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ತಂಡ ಉಳಿದರೆ ನೋಡಿದಂತೆ ಆಯಿತು, ಇಳಿದುಹೋದರೆ ಒಂದು ದಿನ ಉಳಿಯಿತು.

ತಂಡ ಅದೇ ಇದ್ದು ಮೈದಾನ ಬದಲಾಗುವುದೂ ಉಂಟು. ಎವರ್ಟನ್‌ನ ಪುರುಷರ ತಂಡ 2025ರ ಮೇ ತಿಂಗಳಲ್ಲಿ ಗುಡಿಸನ್ ಪಾರ್ಕ್‌ನಲ್ಲಿ ಕೊನೆಯ ಪಂದ್ಯ ಆಡಿ, ಮರ್ಸಿ ನದಿಯ ದಡದಲ್ಲಿರುವ ಹಿಲ್ ಡಿಕಿನ್‌ಸನ್ ಕ್ರೀಡಾಂಗಣಕ್ಕೆ ಹೋಯಿತು. ಗುಡಿಸನ್‌ನಲ್ಲಿ ಹತ್ತು ಪಂದ್ಯ ನೋಡಿದ್ದರೂ ಈಗಿನ 92ರ ಲೆಕ್ಕಕ್ಕೆ ಅದು ಸೇರುವುದಿಲ್ಲ.

ಇನ್ನು ನಿಮ್ಮ ನಿಯಮ. ಮೈದಾನವನ್ನು ಹೊರಗಿನಿಂದ ನೋಡಿದರೆ ಸಾಕೇ, ಮಾರ್ಗದರ್ಶಿಯೊಡನೆ ಒಳಗೆ ಸುತ್ತಿಬಂದರೆ ಸಾಕೇ, ಪೂರ್ತಿ ಪಂದ್ಯವನ್ನೇ ನೋಡಬೇಕೇ? ಎಲ್ಲ 92 ಮೈದಾನಗಳಲ್ಲಿ ಪಂದ್ಯ ನೋಡಿದವರಿಗಾಗಿಯೇ ನೈಂಟಿ-ಟೂ ಕ್ಲಬ್ ಎಂಬ ಸಂಘವಿದೆ. ಅಲ್ಲಿ ಮುಖ್ಯ ತಂಡದ ಸ್ಪರ್ಧಾತ್ಮಕ ಪಂದ್ಯಕ್ಕೆ ಮಾತ್ರ ಬೆಲೆ. ಸಂಘಕ್ಕೆ ಸೇರುವ ಆಸೆ ಇಲ್ಲದಿದ್ದರೂ ಆ ನಿಯಮವನ್ನೇ ಇಟ್ಟುಕೊಳ್ಳುವುದು ಲೇಸು. ನಲವತ್ತು ಮೈದಾನ ದಾಟಿದ ಮೇಲೆ ನಿಯಮ ಬಿಗಿ ಮಾಡಿಕೊಂಡು, ಮೊದಲು ನೋಡಿದ್ದನ್ನೇ ಮತ್ತೆ ನೋಡಲು ಹೋಗುವವರ ಕಷ್ಟ ಯಾರಿಗೂ ಬೇಡ.

ಭೇಟಿಗಾರರ ವೀಸಾದಲ್ಲಿ ಬರುವವರಿಗೆ ಒಮ್ಮೆಗೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಮಾತ್ರ ಅಲ್ಲಿರಲು ಅವಕಾಶ. ಲೀಗ್ ನಡೆಯುವುದು ಆಗಸ್ಟ್‌ನಿಂದ ಮೇ ತಿಂಗಳವರೆಗೆ. ಹಾಗಾಗಿ 92ನ್ನೂ ಒಂದೇ ಉಸಿರಿಗೆ ಮುಗಿಸುವ ಯೋಜನೆ ಹಾಕದೆ, ಎರಡು ಮೂರು ವಾರಗಳ ಹಲವು ಪ್ರವಾಸಗಳಾಗಿ ಒಡೆದುಕೊಳ್ಳಿ.

## ಹಂತ 2: ಸಲಕರಣೆಗಳನ್ನು ಹೊಂದಿಸಿಕೊಳ್ಳಿ

ಬೇಕಾದವು ಕೆಲವೇ. ಒಂದು ಸ್ಪ್ರೆಡ್‌ಶೀಟ್, ಟಿಕೆಟ್ ಇಟ್ಟುಕೊಳ್ಳುವ ವ್ಯಾಲೆಟ್ ಇರುವ ಫೋನು, ಒಂದು ಪವರ್ ಬ್ಯಾಂಕು, ಚೌಕ ಕಡ್ಡಿಗಳ ಮೂರು ಪಿನ್ನಿನ ಬ್ರಿಟಿಷ್ ಪ್ಲಗ್, ತಾಗಿಸಿದರೆ ಹಣ ಹೋಗುವ ಬ್ಯಾಂಕ್ ಕಾರ್ಡು. ಅನೇಕ ಮೈದಾನಗಳ ಒಳಗಿನ ಮಳಿಗೆಗಳಲ್ಲಿ ನಗದು ನಡೆಯುವುದಿಲ್ಲ.

ಸ್ಪ್ರೆಡ್‌ಶೀಟಿನಲ್ಲಿ ತಂಡ, ಮೈದಾನ, ಹತ್ತಿರದ ರೈಲು ನಿಲ್ದಾಣ, ಪಂದ್ಯದ ದಿನಾಂಕ ಎಂಬ ಅಂಕಣಗಳನ್ನು ಎಲ್ಲರೂ ಹಾಕುತ್ತಾರೆ. ಮರೆಯುವುದು ‘ದಿನಾಂಕ ಖಚಿತವೇ’ ಎಂಬ ಅಂಕಣವನ್ನು. ಅದರಲ್ಲಿ ಹೌದು ಎಂದು ಬೀಳುವವರೆಗೆ ಆ ಸಾಲಿನ ಮೇಲೆ ಒಂದು ಪೌಂಡನ್ನೂ ಖರ್ಚು ಮಾಡಬಾರದು. ಈ ಮಾರ್ಗದರ್ಶಿಯಿಂದ ಒಂದೇ ಒಂದು ಅಭ್ಯಾಸವನ್ನು ತೆಗೆದುಕೊಳ್ಳುವುದಾದರೆ ಅದು ಇದಾಗಿರಲಿ.

## ಹಂತ 3: ವೇಳಾಪಟ್ಟಿಯನ್ನು ಓದಲು ಕಲಿಯಿರಿ

ಋತುವಿನ ಪೂರ್ತಿ ವೇಳಾಪಟ್ಟಿ ಜೂನ್ ತಿಂಗಳಲ್ಲಿ ಪ್ರಕಟವಾಗುತ್ತದೆ. ಪ್ರೀಮಿಯರ್ ಲೀಗ್‌ನಲ್ಲಿ ಪ್ರತಿ ತಂಡಕ್ಕೆ 38 ಪಂದ್ಯ, ಉಳಿದ ಮೂರು ದರ್ಜೆಗಳಲ್ಲಿ 46. ಆ ಪಟ್ಟಿಯಲ್ಲಿ ಹೆಚ್ಚಿನ ಪಂದ್ಯಗಳ ಮುಂದೆ ಶನಿವಾರ ಮಧ್ಯಾಹ್ನ 3 ಗಂಟೆ ಎಂದಿರುತ್ತದೆ. ಇದನ್ನು ನಂಬಿ ಟಿಕೆಟ್ ಕೊಳ್ಳುವುದೇ ಮೊದಲ ತಪ್ಪು. ಬ್ರಿಟನ್‌ನಲ್ಲಿ ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಫುಟ್‌ಬಾಲ್ ಪಂದ್ಯಗಳ ನೇರ ಪ್ರಸಾರಕ್ಕೆ ತಡೆಯಿದೆ. ಹಾಗಾಗಿ ಟಿವಿಯವರು ಆರಿಸಿಕೊಂಡ ಪಂದ್ಯಗಳು ಶುಕ್ರವಾರ ರಾತ್ರಿಗೆ, ಶನಿವಾರದ 12.30ಕ್ಕೆ ಅಥವಾ ಸಂಜೆ 5.30ಕ್ಕೆ, ಭಾನುವಾರಕ್ಕೆ ಇಲ್ಲವೇ ಸೋಮವಾರ ರಾತ್ರಿಗೆ ಜರುಗುತ್ತವೆ. ಈ ಆಯ್ಕೆಗಳು ಕಂತುಕಂತಾಗಿ, ಪಂದ್ಯಕ್ಕೆ ಕೆಲವು ವಾರಗಳಿರುವಾಗ ಪ್ರಕಟವಾಗುತ್ತವೆ. 2024-25ರ ಹೊಸ ಪ್ರಸಾರ ಒಪ್ಪಂದದ ನಂತರ ಕೆಳಗಿನ ಮೂರು ದರ್ಜೆಗಳ ಪಂದ್ಯಗಳೂ ಹಿಂದಿಗಿಂತ ಹೆಚ್ಚಾಗಿ ಬೇರೆ ಹೊತ್ತಿಗೆ ಜರುಗುತ್ತಿವೆ. ಸಣ್ಣ ತಂಡವಾದ್ದರಿಂದ ಸಮಯ ಬದಲಾಗದು ಎಂಬ ಹಳೆಯ ಧೈರ್ಯ ಈಗ ಕೆಲಸಕ್ಕೆ ಬಾರದು.

ಪಂದ್ಯ ಬೇರೆ ದಿನಕ್ಕೆ ಜರುಗಬಹುದು ಎಂಬುದಕ್ಕೆ ಕೆಲವು ಮುನ್ಸೂಚನೆಗಳಿವೆ. ಆತಿಥೇಯ ತಂಡವಾಗಲಿ ಎದುರಾಳಿಯಾಗಲಿ ಗುರುವಾರ ಯುರೋಪಿನ ಕ್ಲಬ್ ಸ್ಪರ್ಧೆಯ ಪಂದ್ಯ ಆಡುವಂತಿದ್ದರೆ ಆ ವಾರದ ಲೀಗ್ ಪಂದ್ಯ ಭಾನುವಾರಕ್ಕೆ ಹೋಗುವುದು ಬಹುತೇಕ ಖಚಿತ. ಎರಡೂ ದೊಡ್ಡ ತಂಡಗಳಾಗಿದ್ದರೆ, ಅಥವಾ ಅಕ್ಕಪಕ್ಕದ ಊರಿನ ಬದ್ಧ ವೈರಿಗಳಾಗಿದ್ದರೆ, ಟಿವಿಯವರ ಕಣ್ಣು ಅದರ ಮೇಲೆ ಬಿದ್ದೇ ಬೀಳುತ್ತದೆ. ತಂಡವೊಂದು ಎಫ್‌ಎ ಕಪ್‌ನಲ್ಲಿ (ಎಲ್ಲ ದರ್ಜೆಗಳ ತಂಡಗಳೂ ಆಡುವ, ಸೋತವರು ಹೊರಬೀಳುವ ಸ್ಪರ್ಧೆ) ಇನ್ನೂ ಉಳಿದಿದ್ದು, ಆ ಸುತ್ತಿನ ವಾರಾಂತ್ಯದಲ್ಲೇ ಅದರ ಲೀಗ್ ಪಂದ್ಯವೂ ನಮೂದಾಗಿದ್ದರೆ, ಲೀಗ್ ಪಂದ್ಯವನ್ನು ಬೇರೊಂದು ವಾರದ ನಡುವಿನ ರಾತ್ರಿಗೆ ತಳ್ಳುತ್ತಾರೆ. ಎಫ್‌ಎ ಕಪ್‌ನ ಮೊದಲ ಸುತ್ತು ನವೆಂಬರ್‌ನಲ್ಲಿ, ಪ್ರೀಮಿಯರ್ ಲೀಗ್ ತಂಡಗಳು ಕಣಕ್ಕಿಳಿಯುವ ಮೂರನೇ ಸುತ್ತು ಜನವರಿಯಲ್ಲಿ.

ವೇಳಾಪಟ್ಟಿಯಲ್ಲಿ ನಮಗೆ ಅನುಕೂಲವಾದ ಬಿರುಕುಗಳೂ ಇವೆ. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಮಾರ್ಚ್ ತಿಂಗಳುಗಳಲ್ಲಿ ರಾಷ್ಟ್ರೀಯ ತಂಡಗಳ ಪಂದ್ಯಗಳಿಗಾಗಿ ಮೇಲಿನ ಎರಡು ದರ್ಜೆಗಳಿಗೆ ಬಿಡುವು ಸಿಕ್ಕಾಗ ಲೀಗ್ ಒನ್ ಮತ್ತು ಲೀಗ್ ಟೂ ಸಾಮಾನ್ಯವಾಗಿ ನಡೆಯುತ್ತಲೇ ಇರುತ್ತವೆ. ಆ ವಾರಗಳನ್ನು ಸಣ್ಣ ಮೈದಾನಗಳಿಗೇ ಮೀಸಲಿಡಿ. ಆದರೆ ಅಲ್ಲೂ ಒಂದು ಎಚ್ಚರಿಕೆ ಬೇಕು: ತಂಡದ ಮೂವರು ಆಟಗಾರರಿಗೆ ತಮ್ಮ ದೇಶಗಳಿಂದ ಕರೆ ಬಂದರೆ ಪಂದ್ಯ ಮುಂದೂಡಿಸಿಕೊಳ್ಳಲು ಅವಕಾಶವಿದೆ. ಮಂಗಳವಾರ ರಾತ್ರಿಯ ಪಂದ್ಯಗಳನ್ನೂ ಮರೆಯಬಾರದು. ಶುಕ್ರವಾರ, ಶನಿವಾರ, ಭಾನುವಾರ, ಮಂಗಳವಾರ ಎಂದು ಹೊಂದಿಸಿಕೊಂಡರೆ ಒಂದು ವಾರದಲ್ಲಿ ನಾಲ್ಕು ಮೈದಾನಗಳು ಅವಸರವಿಲ್ಲದೆ ಮುಗಿಯುತ್ತವೆ.

## ಹಂತ 4: ದಿನಕ್ಕೊಂದು ಊರು ಬೇಡ, ಒಂದೇ ಕಡೆ ನೆಲೆ ಹೂಡಿ

ಪ್ರತಿ ರಾತ್ರಿ ಬೇರೆ ಊರಿನಲ್ಲಿ ಮಲಗುವ ಯೋಜನೆ ಕಾಗದದ ಮೇಲೆ ಚೆಂದ ಕಾಣುತ್ತದೆ. ನಾಲ್ಕನೆಯ ದಿನಕ್ಕೆ ಸೂಟ್‌ಕೇಸ್ ಎಳೆಯುವುದೇ ಕೆಲಸವಾಗಿಬಿಡುತ್ತದೆ, ಒಂದು ಪಂದ್ಯ ಬೇರೆ ದಿನಕ್ಕೆ ಜರುಗಿದರೆ ಮುಂದಿನ ಎಲ್ಲ ಕೊಠಡಿಗಳೂ ಏರುಪೇರಾಗುತ್ತವೆ. ಒಂದು ನಗರದಲ್ಲಿ ನೆಲೆ ಹೂಡಿ, ಅಲ್ಲಿಂದ ಬೆಳಿಗ್ಗೆ ಹೋಗಿ ರಾತ್ರಿ ಮರಳುವಂತಿದ್ದರೆ ಪಂದ್ಯ ಯಾವ ದಿನಕ್ಕೆ ಜರುಗಿದರೂ ಮಲಗುವ ಹಾಸಿಗೆ ಜರುಗುವುದಿಲ್ಲ.

ಮೊದಲ ಪ್ರವಾಸಕ್ಕೆ ಮ್ಯಾಂಚೆಸ್ಟರ್‌ಗಿಂತ ಒಳ್ಳೆಯ ನೆಲೆಯಿಲ್ಲ. ನಗರದಲ್ಲೇ ಓಲ್ಡ್ ಟ್ರಾಫರ್ಡ್ ಮತ್ತು ಎತಿಹಾದ್ ಇವೆ. ಸ್ಟಾಕ್‌ಪೋರ್ಟ್, ಬೋಲ್ಟನ್, ವಿಗನ್, ಪ್ರೆಸ್ಟನ್, ಬ್ಲ್ಯಾಕ್‌ಬರ್ನ್, ಬರ್ನ್ಲಿ, ಹಡರ್ಸ್‌ಫೀಲ್ಡ್, ಲೀಡ್ಸ್, ಲಿವರ್‌ಪೂಲ್ ಎಲ್ಲವೂ ದಿನದ ಪ್ರಯಾಣದಲ್ಲಿ ಸಿಗುತ್ತವೆ. ಲಂಡನ್ನಿನಲ್ಲಿ ಮೈದಾನಗಳ ಸಂಖ್ಯೆ ದೊಡ್ಡದು, 2025-26ರಲ್ಲಿ ನಗರವೊಂದರಲ್ಲೇ 14 ಲೀಗ್ ತಂಡಗಳಿವೆ. ಆದರೆ ಅವುಗಳಲ್ಲಿ ಏಳು ಪ್ರೀಮಿಯರ್ ಲೀಗ್‌ನವು, ಟಿಕೆಟ್ ಸುಲಭವಲ್ಲ, ಕೊಠಡಿ ಬಾಡಿಗೆಯೂ ಹೆಚ್ಚು. ಬರ್ಮಿಂಗ್‌ಹ್ಯಾಮ್‌ನಿಂದ ವಿಲ್ಲಾ ಪಾರ್ಕ್, ಸೇಂಟ್ ಆಂಡ್ರೂಸ್, ಹಾಥಾರ್ನ್ಸ್, ಮೊಲಿನ್ಯೂ ನಾಲ್ಕೂ ಸಮೀಪ. ಪ್ಲಿಮತ್, ನ್ಯೂಕಾಸಲ್, ನಾರಿಚ್, ಸ್ವಾನ್ಸಿಯಂಥ ಮೂಲೆಗಳಿಗೆ ಮಾತ್ರ ಅಲ್ಲೇ ಒಂದು ರಾತ್ರಿ ತಂಗುವ ಲೆಕ್ಕ ಹಾಕಿ.

ನೆಲೆಯಿಂದ ಯೋಜಿಸುವಾಗ ಬಹಳ ಮಂದಿಗೆ ಅಚ್ಚರಿ ತರುವ ಸಂಗತಿಯೊಂದಿದೆ. ನಾಟಿಂಗ್‌ಹ್ಯಾಮ್‌ನಲ್ಲಿ ಫಾರೆಸ್ಟ್ ತಂಡದ ಸಿಟಿ ಗ್ರೌಂಡ್ ಮತ್ತು ನಾಟ್ಸ್ ಕೌಂಟಿಯ ಮೆಡೋ ಲೇನ್ ಟ್ರೆಂಟ್ ನದಿಯ ಆಚೀಚೆ, ಒಂದರ ಬಾಗಿಲಿನಿಂದ ಇನ್ನೊಂದು ಕಾಣುವಷ್ಟು ಹತ್ತಿರದಲ್ಲಿವೆ. ಒಂದೇ ಶನಿವಾರ ಎರಡನ್ನೂ ಮುಗಿಸೋಣ ಎನಿಸುವುದು ಸಹಜ. ಆದರೆ ಜನಜಂಗುಳಿ ಮತ್ತು ಪೊಲೀಸ್ ವ್ಯವಸ್ಥೆಯ ಕಾರಣಕ್ಕೆ ಇಂಥ ನೆರೆಯ ತಂಡಗಳನ್ನು ಜೋಡಿ ಮಾಡಿ, ಒಂದು ತವರಿನಲ್ಲಿ ಆಡುವಾಗ ಇನ್ನೊಂದು ಹೊರಗೆ ಆಡುವಂತೆ ವೇಳಾಪಟ್ಟಿ ಹೆಣೆಯುತ್ತಾರೆ. ಲಿವರ್‌ಪೂಲ್–ಎವರ್ಟನ್, ಮ್ಯಾಂಚೆಸ್ಟರ್‌ನ ಎರಡು ತಂಡಗಳು, ಬ್ರಿಸ್ಟಲ್‌ನ ಎರಡು ತಂಡಗಳ ವಿಷಯದಲ್ಲೂ ಇದೇ ನಡೆಯುತ್ತದೆ. ಆದ್ದರಿಂದ ನೆರೆಯ ಜೋಡಿಗೆ ಎರಡು ವಾರಾಂತ್ಯಗಳು ಅಥವಾ ಒಂದು ಶನಿವಾರ ಮತ್ತೊಂದು ಮಂಗಳವಾರ ಬೇಕಾಗುತ್ತದೆ ಎಂದು ಮೊದಲೇ ಬರೆದುಕೊಳ್ಳಿ.

ಒಂದೇ ದಿನ ಎರಡು ಪಂದ್ಯ ನೋಡಬೇಕೆಂದರೆ 12.30 ಮತ್ತು 5.30ರ ಜೋಡಿ ಆಗಬಹುದು. ಮೊದಲನೆಯದು ಎರಡೂವರೆಯ ಹೊತ್ತಿಗೆ ಮುಗಿಯುತ್ತದೆ. ನಡುವಿನ ಪ್ರಯಾಣ ಬಾಗಿಲಿನಿಂದ ಬಾಗಿಲಿಗೆ ಒಂದೂವರೆ ಗಂಟೆ ಮೀರಬಾರದು. 12.30 ಮತ್ತು 3 ಗಂಟೆಯ ಜೋಡಿಯನ್ನು ಪ್ರಯತ್ನಿಸಲೇಬೇಡಿ.

## ಹಂತ 5: ಪಂದ್ಯದ ಟಿಕೆಟ್ ಪಡೆಯಿರಿ

ಇದು ಅತಿ ಹೆಚ್ಚು ಮಂದಿ ಸೋಲುವ ಹಂತ. ಟಿಕೆಟ್ಟಿನ ದೃಷ್ಟಿಯಿಂದ 92 ಮೈದಾನಗಳನ್ನು ಮೂರು ಗುಂಪು ಮಾಡಿಕೊಳ್ಳಬೇಕು.

ಮೊದಲ ಗುಂಪು ಲೀಗ್ ಒನ್ ಮತ್ತು ಲೀಗ್ ಟೂ. ಕ್ಲಬ್ಬಿನ ಜಾಲತಾಣದಲ್ಲಿ ಖಾತೆ ತೆರೆದರೆ ಸಾಮಾನ್ಯವಾಗಿ ಯಾರು ಬೇಕಾದರೂ ಕೊಳ್ಳಬಹುದು, ಕೆಲವೊಮ್ಮೆ ಪಂದ್ಯದ ದಿನವೂ ಸಿಗುತ್ತದೆ. ಇಲ್ಲಿ ಆಗುವ ತಪ್ಪು ಬೇರೆ: ಹೇಗೂ ಸಿಗುತ್ತದೆಂದು ನಿರ್ಲಕ್ಷಿಸಿದವರಿಗೆ ಸ್ಥಳೀಯ ವೈರಿಯ ಪಂದ್ಯದ ದಿನ, ಅಥವಾ ಬಡ್ತಿ ನಿರ್ಧಾರವಾಗುವ ಕೊನೆಯ ವಾರ, ಐದಾರು ಸಾವಿರ ಮಂದಿ ಹಿಡಿಯುವ ಮೈದಾನ ತುಂಬಿಹೋಗಿರುತ್ತದೆ.

ಎರಡನೆಯ ಗುಂಪು ಚಾಂಪಿಯನ್‌ಶಿಪ್ ಮತ್ತು ಪ್ರೀಮಿಯರ್ ಲೀಗ್‌ನ ಮಧ್ಯಮ ತಂಡಗಳು. ಟಿಕೆಟ್ಟುಗಳು ಮೊದಲು ಸದಸ್ಯರಿಗೆ, ಉಳಿದರೆ ಸಾರ್ವಜನಿಕರಿಗೆ. ಎದುರಾಳಿಯ ಮೇಲೆ ಪಂದ್ಯಗಳನ್ನು ದರ್ಜೆ ಮಾಡಿ ಬೆಲೆ ಇಡುವುದು ರೂಢಿ. ಮೈದಾನ ನೋಡುವುದೇ ಉದ್ದೇಶವಾದವರು ಅತಿ ಕಡಿಮೆ ಬೆಲೆ ಇಟ್ಟ ಪಂದ್ಯವನ್ನು ಆರಿಸಿಕೊಂಡರೆ ಹಣವೂ ಉಳಿಯುತ್ತದೆ, ಸೀಟೂ ಸಿಗುತ್ತದೆ.

ಮೂರನೆಯ ಗುಂಪು ಲಿವರ್‌ಪೂಲ್, ಆರ್ಸೆನಲ್, ಮ್ಯಾಂಚೆಸ್ಟರ್ ಯುನೈಟೆಡ್‌ನಂಥವು. ಇಲ್ಲಿ ಶುಲ್ಕ ಕಟ್ಟಿ ಸದಸ್ಯರಾಗದೆ ಲೀಗ್ ಪಂದ್ಯದ ಸಾಮಾನ್ಯ ಟಿಕೆಟ್‌ನ ಆಸೆ ಇಟ್ಟುಕೊಳ್ಳಬಾರದು. ಸದಸ್ಯತ್ವವೆಂದರೆ ಟಿಕೆಟ್ ಅಲ್ಲ, ಲಾಟರಿಗೆ ಹೆಸರು ಕೊಡುವ ಅಥವಾ ಆನ್‌ಲೈನ್ ಸರತಿಯಲ್ಲಿ ನಿಲ್ಲುವ ಹಕ್ಕು ಮಾತ್ರ. ಲಾಟರಿಯಲ್ಲಿ ಬರದಿದ್ದರೆ ಕ್ಲಬ್ಬಿನ ಅಧಿಕೃತ ಮರುಮಾರಾಟ ಪುಟವನ್ನು ಪಂದ್ಯದ ಹಿಂದಿನ ದಿನಗಳಲ್ಲಿ ಬಿಡದೆ ನೋಡುತ್ತಿರಿ. ಋತುಪೂರ್ತಿಯ ಟಿಕೆಟ್ ಇದ್ದೂ ಬರಲಾಗದವರು ತಮ್ಮ ಸೀಟನ್ನು ಅಲ್ಲಿ ಬಿಡುತ್ತಾರೆ. ಒಂಟಿಯಾಗಿ ಹೋಗುವವರಿಗೆ ಇದರಲ್ಲಿ ಬಹಳ ಅನುಕೂಲ. ಇಬ್ಬರಿಗೆ ಅಕ್ಕಪಕ್ಕದ ಸೀಟು ಬೇಕೆಂದು ಹಟ ಹಿಡಿದರೆ ಅರ್ಧ ಅವಕಾಶ ಅಲ್ಲೇ ಹೋಯಿತು.

ಈ ದೊಡ್ಡ ಮೈದಾನಗಳಿಗೆ ಪಕ್ಕದ ಬಾಗಿಲೊಂದಿದೆ: ಕಪ್ ಪಂದ್ಯಗಳು. ಈ 92 ತಂಡಗಳೇ ಆಡುವ ಇನ್ನೊಂದು ಕಪ್ ಸ್ಪರ್ಧೆಯಾದ ಲೀಗ್ ಕಪ್‌ನಲ್ಲಿ ಪ್ರೀಮಿಯರ್ ಲೀಗ್ ತಂಡಗಳು ಎರಡನೆಯ ಅಥವಾ ಮೂರನೆಯ ಸುತ್ತಿಗೆ, ಅಂದರೆ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್‌ನಲ್ಲಿ ಬರುತ್ತವೆ. ವಾರದ ನಡುವಿನ ರಾತ್ರಿ, ಕೆಳ ದರ್ಜೆಯ ಎದುರಾಳಿ ಎಂದಾದರೆ ಬೆಲೆಯೂ ಇಳಿಯುತ್ತದೆ, ಸಾರ್ವಜನಿಕ ಮಾರಾಟಕ್ಕೆ ಬರುವ ಸಂಭವವೂ ಹೆಚ್ಚು. ಜನವರಿಯ ಎಫ್‌ಎ ಕಪ್ ಮೂರನೇ ಸುತ್ತೂ ಹಾಗೆಯೇ. ಮುಖ್ಯ ತಂಡದ ಸ್ಪರ್ಧಾತ್ಮಕ ಪಂದ್ಯವೇ ಆದ್ದರಿಂದ ನಿಮ್ಮ ನಿಯಮಕ್ಕೂ ಧಕ್ಕೆಯಿಲ್ಲ.

ಈಗ ಗಟ್ಟಿ ಎಚ್ಚರಿಕೆ. 1994ರ ಕ್ರಿಮಿನಲ್ ಜಸ್ಟಿಸ್ ಆಂಡ್ ಪಬ್ಲಿಕ್ ಆರ್ಡರ್ ಕಾಯಿದೆಯ 166ನೇ ಕಲಮಿನ ಪ್ರಕಾರ, ಅನುಮತಿಯಿಲ್ಲದೆ ಫುಟ್‌ಬಾಲ್ ಪಂದ್ಯದ ಟಿಕೆಟ್ ಮಾರುವುದು ಅಲ್ಲಿ ಅಪರಾಧ. ಅನಧಿಕೃತ ಜಾಲತಾಣದಲ್ಲಿ ಕೊಂಡ ಟಿಕೆಟ್ಟನ್ನು ಕ್ಲಬ್ ಯಾವಾಗ ಬೇಕಾದರೂ ರದ್ದು ಮಾಡಬಹುದು, ಗೇಟಿನಲ್ಲಿ ನಿಮ್ಮ ಮಾತಿಗೆ ಬೆಲೆಯಿರುವುದಿಲ್ಲ. ಮೋಸದ ಗುರುತುಗಳನ್ನು ಬಲ್ಲವರು ಸುಲಭವಾಗಿ ಹಿಡಿಯುತ್ತಾರೆ: ಕ್ಲಬ್ ಇನ್ನೂ ಮಾರಾಟವನ್ನೇ ಆರಂಭಿಸದಿರುವಾಗ ಟಿಕೆಟ್ ಇದೆ ಎನ್ನುವುದು, ಬ್ಲಾಕ್ ಮತ್ತು ಸಾಲಿನ ಸಂಖ್ಯೆ ಹೇಳದಿರುವುದು, ಬೇರೊಬ್ಬರ ಸದಸ್ಯತ್ವದ ಕಾರ್ಡನ್ನೋ ಫೋನನ್ನೋ ಒಂದು ದಿನಕ್ಕೆ ಕೊಡುತ್ತೇವೆ ಎನ್ನುವುದು, ಟಿಕೆಟ್ಟಿನ ಸ್ಕ್ರೀನ್‌ಶಾಟ್ ಕಳುಹಿಸುತ್ತೇವೆ ಎನ್ನುವುದು. ಫೋನಿನ ವ್ಯಾಲೆಟ್‌ನಲ್ಲಿರುವ ಪಾಸನ್ನು ಯಂತ್ರಕ್ಕೆ ಹಿಡಿದು ಒಳಹೋಗುವ ಮೈದಾನಗಳಲ್ಲಿ ಸ್ಕ್ರೀನ್‌ಶಾಟ್ ಒಂದು ಚಿತ್ರ ಅಷ್ಟೇ.

ಪ್ರವಾಸಿ ತಂಡದ ವಿಭಾಗದ ಟಿಕೆಟ್ ಪ್ರೀಮಿಯರ್ ಲೀಗ್‌ನಲ್ಲಿ 30 ಪೌಂಡ್ ಮೀರುವಂತಿಲ್ಲ ಎಂಬ ನಿಯಮ 2016-17ರಿಂದ ಇದೆ. ಅಗ್ಗವೆಂದು ಅದರತ್ತ ಕೈಚಾಚುವವರಿದ್ದಾರೆ. ಆದರೆ ಆ ಟಿಕೆಟ್ಟುಗಳು ಹೋಗುವುದು ವರ್ಷಾನುಗಟ್ಟಲೆ ತಂಡದ ಹಿಂದೆ ತಿರುಗಿದವರಿಗೆ. ತಟಸ್ಥ ಪ್ರೇಕ್ಷಕರಿಗೆ ಆತಿಥೇಯ ತಂಡದ ಕಡೆಯ ಉದ್ದಬದಿಯ ಸ್ಟ್ಯಾಂಡೇ ಸರಿಯಾದ ಜಾಗ.

ಕೊನೆಗೆ, ಹಣ ಕಟ್ಟುವ ಮುನ್ನ ಸೀಟಿನ ವಿವರದಲ್ಲಿ ನೋಟಕ್ಕೆ ಅಡ್ಡಿ ಇದೆ ಎಂಬ ಸೂಚನೆ ಇದೆಯೇ ನೋಡಿ. ಹಳೆಯ ಸ್ಟ್ಯಾಂಡ್‌ಗಳಲ್ಲಿ ಚಾವಣಿಯನ್ನು ಹೊತ್ತ ಕಬ್ಬಿಣದ ಕಂಬ ನಿಮ್ಮ ಕಣ್ಣಿಗೂ ಗೋಲಿಗೂ ನಡುವೆ ಬಂದು ನಿಲ್ಲಬಹುದು.

## ಹಂತ 6: ರೈಲು ಮತ್ತು ಕೊಠಡಿ

ಟಿಕೆಟ್ ಕೈಗೆ ಬಂತು, ದಿನಾಂಕದ ಅಂಕಣದಲ್ಲಿ ಹೌದು ಎಂದು ಬಿತ್ತು. ಈಗ ರೈಲು. ಬ್ರಿಟನ್‌ನಲ್ಲಿ ಅಡ್ವಾನ್ಸ್ ಎಂಬ ಅಗ್ಗದ ಟಿಕೆಟ್ ಒಂದೇ ಒಂದು ರೈಲಿಗೆ ಕಟ್ಟುಬಿದ್ದಿರುತ್ತದೆ. ಅದು ತಪ್ಪಿದರೆ ಹೊಸ ಟಿಕೆಟ್ ಕೊಳ್ಳಬೇಕು. ಆಫ್-ಪೀಕ್ ಟಿಕೆಟ್ಟಿಗೆ ಬೆಲೆ ಹೆಚ್ಚು, ಆದರೆ ದಟ್ಟಣೆಯ ಹೊತ್ತು ಬಿಟ್ಟು ಯಾವ ರೈಲನ್ನಾದರೂ ಹತ್ತಬಹುದು. ಹೋಗುವಾಗ ಅಡ್ವಾನ್ಸ್, ಮರಳುವಾಗ ಆಫ್-ಪೀಕ್ ಎಂಬುದು ನಾನು ಪಾಲಿಸುವ ಸೂತ್ರ. ಪಂದ್ಯ ಮುಗಿಯುವ ಹೊತ್ತು ನಮ್ಮ ಕೈಯಲ್ಲಿಲ್ಲ, ಹೊರಡುವ ಹೊತ್ತು ನಮ್ಮ ಕೈಯಲ್ಲಿದೆ.

ವರ್ಷಕ್ಕೆ 35 ಪೌಂಡ್ ಬೆಲೆಯ ರೈಲ್‌ಕಾರ್ಡ್ ಹೆಚ್ಚಿನ ಪ್ರಯಾಣಗಳಲ್ಲಿ ಮೂರನೆಯ ಒಂದು ಭಾಗ ಉಳಿಸುತ್ತದೆ. 16ರಿಂದ 25 ವರ್ಷದವರಿಗೆ, 60 ದಾಟಿದವರಿಗೆ, ಜೊತೆಯಾಗಿ ಓಡಾಡುವ ಇಬ್ಬರಿಗೆ ಬೇರೆ ಬೇರೆ ಕಾರ್ಡುಗಳಿವೆ. ಹೊರದೇಶದವರಿಗೆಂದೇ ಇರುವ ಬ್ರಿಟ್‌ರೈಲ್ ಪಾಸ್ ಇನ್ನೊಂದು ದಾರಿ. ಅದು ನಿರ್ದಿಷ್ಟ ರೈಲಿಗೆ ಕಟ್ಟುಬೀಳುವುದಿಲ್ಲವಾದ್ದರಿಂದ, ಎರಡು ವಾರದಲ್ಲಿ ಏಳೆಂಟು ದೂರ ಪ್ರಯಾಣಗಳಿರುವವರು ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ರೈಲು ಕೈಕೊಡುವ ದಿನಗಳನ್ನು ಮೊದಲೇ ಗುರುತು ಹಾಕಿಕೊಳ್ಳಿ. ಭಾನುವಾರ ಹಳಿ ದುರಸ್ತಿಯಿದ್ದರೆ ರೈಲಿನ ಬದಲು ಬಸ್ಸು ಓಡುತ್ತದೆ, ಒಂದು ಗಂಟೆಯ ದಾರಿ ಎರಡೂವರೆ ಗಂಟೆಯಾಗುತ್ತದೆ. ಡಿಸೆಂಬರ್ 26 ಇನ್ನೂ ಮೋಸದ ದಿನ. ಆ ದಿನ ಕೆಳಗಿನ ದರ್ಜೆಗಳಲ್ಲಿ ಸಾಲುಸಾಲು ಪಂದ್ಯಗಳಿರುತ್ತವೆ, ಆದರೆ ದೇಶದ ಬಹುಭಾಗದಲ್ಲಿ ರೈಲೇ ಇರುವುದಿಲ್ಲ. ನೆಲೆಯಿಂದ ನಡೆದು ಹೋಗಬಹುದಾದ ಮೈದಾನವನ್ನು ಆ ದಿನಕ್ಕೆ ಇಟ್ಟುಕೊಳ್ಳಿ.

ರಾತ್ರಿ 8ರ ಪಂದ್ಯ ಮುಗಿಯುವಾಗ 10 ಹತ್ತಿರವಾಗಿರುತ್ತದೆ. ಎಫ್‌ಎ ಕಪ್‌ನ ಮೊದಲ ಸುತ್ತಿನಿಂದ ಮುಂದಕ್ಕೆ ಮರುಪಂದ್ಯಗಳನ್ನು 2024-25ರಿಂದ ಕೈಬಿಟ್ಟಿರುವುದರಿಂದ, ಸಮಬಲವಾದರೆ ಅಂದೇ 30 ನಿಮಿಷದ ಹೆಚ್ಚುವರಿ ಅವಧಿ, ಆಮೇಲೆ ಪೆನಾಲ್ಟಿ. ಕೊನೆಯ ರೈಲು 10.20ಕ್ಕೆ ಇದ್ದರೆ ಅದನ್ನು ಇಲ್ಲವೆಂದೇ ಭಾವಿಸಿ ಅಲ್ಲೇ ಕೊಠಡಿ ಹಿಡಿಯಿರಿ. ಕೊಠಡಿಯೂ ಉಚಿತವಾಗಿ ರದ್ದು ಮಾಡಲು ಬರುವಂಥದ್ದೇ ಇರಲಿ.

## ಹಂತ 7: ಮೈದಾನ ನಿಜವಾಗಿ ಎಲ್ಲಿದೆ ಎಂದು ನೋಡಿ

ತಂಡದ ಹೆಸರಿನಲ್ಲಿರುವ ಊರಿಗೇ ಟಿಕೆಟ್ ಕೊಳ್ಳುವುದು ಹಳೆಯ ಎಡವಟ್ಟು. ಗ್ರಿಮ್ಸ್‌ಬಿ ಟೌನ್ ತಂಡ ಆಡುವುದು ಪಕ್ಕದ ಕ್ಲೀಥಾರ್ಪ್ಸ್‌ನಲ್ಲಿ. ಬೋಲ್ಟನ್ ಮೈದಾನಕ್ಕೆ ಇಳಿಯಬೇಕಾದದ್ದು ಹಾರ್ವಿಚ್ ಪಾರ್ಕ್‌ವೇ ನಿಲ್ದಾಣದಲ್ಲಿ, ಬ್ರೈಟನ್ ಮೈದಾನಕ್ಕೆ ಫಾಲ್ಮರ್‌ನಲ್ಲಿ. ಆಕ್ಸ್‌ಫರ್ಡ್ ಯುನೈಟೆಡ್‌ನ ಕಸಮ್ ಕ್ರೀಡಾಂಗಣ ನಗರದ ಅಂಚಿನಲ್ಲಿದ್ದು, ರೈಲು ನಿಲ್ದಾಣದಿಂದ ಬಸ್ ಹಿಡಿಯಬೇಕು. ಸೇಂಟ್ ಜೇಮ್ಸ್ ಪಾರ್ಕ್ ಎಂಬ ಹೆಸರಿನ ಮೈದಾನಗಳು ಎರಡಿವೆ, ಒಂದು ಈಶಾನ್ಯದ ನ್ಯೂಕಾಸಲ್‌ನಲ್ಲಿ, ಇನ್ನೊಂದು ನೈಋತ್ಯದ ಎಕ್ಸೆಟರ್‌ನಲ್ಲಿ. ನಕ್ಷೆಯಲ್ಲಿ ಹೆಸರು ಹುಡುಕಿ ಮೊದಲು ಬಂದದ್ದನ್ನು ಒತ್ತುವವರಿಗೆ ದೇಶದ ಉದ್ದವೇ ತಪ್ಪಿಹೋಗುತ್ತದೆ.

ನಕ್ಷೆಯ ಚುಕ್ಕೆ ಬೀಳುವುದು ಮೈದಾನದ ನಟ್ಟನಡುವೆ; ನಿಮಗೆ ಬೇಕಾದದ್ದು ಬಾಗಿಲು. ಲೂಟನ್‌ನ ಕೆನಿಲ್‌ವರ್ತ್ ರೋಡ್ ಇದಕ್ಕೆ ಒಳ್ಳೆಯ ನಿದರ್ಶನ. ಓಕ್ ರೋಡ್ ಎಂಬ ಬೀದಿಯಲ್ಲಿ ಗೋಡೆಗೆ ಗೋಡೆ ಅಂಟಿದ ಇಟ್ಟಿಗೆಯ ಮನೆಗಳ ಸಾಲು ಸಾಗುತ್ತದೆ, ಎಲ್ಲೂ ಕ್ರೀಡಾಂಗಣದ ಸುಳಿವಿಲ್ಲ. ಸಾಲಿನ ನಡುವೆ ಮನೆಯೊಂದು ಇರಬೇಕಾದ ಜಾಗದಲ್ಲಿ ತಿರುಗುಗೇಟುಗಳಿವೆ, ಮೇಲಂತಸ್ತಿನಲ್ಲಿ ಯಾರದೋ ಮಲಗುವ ಕೋಣೆಯ ಕಿಟಕಿ. ಎದುರಾಳಿ ತಂಡದ ಬೆಂಬಲಿಗರು ಆ ಕಿಂಡಿಯಲ್ಲಿ ನುಗ್ಗಿ, ಮನೆಗಳ ಹಿತ್ತಿಲು ಕಾಣುವ ಮೆಟ್ಟಿಲು ಹತ್ತಿ ಸ್ಟ್ಯಾಂಡ್ ಸೇರುತ್ತಾರೆ. ಇಂಥ ಬಾಗಿಲು ಗೊತ್ತಿಲ್ಲದವರ ಕಣ್ಣಿಗೆ ಎರಡು ಸುತ್ತು ಹಾಕಿದರೂ ಬೀಳುವುದಿಲ್ಲ.

ಆದ್ದರಿಂದ ಹಿಂದಿನ ರಾತ್ರಿ ಟಿಕೆಟ್ಟನ್ನು ತೆರೆದು ಸ್ಟ್ಯಾಂಡ್, ತಿರುಗುಗೇಟು, ಬ್ಲಾಕ್, ಸಾಲು, ಸೀಟು ಎಂಬ ಐದು ವಿವರಗಳನ್ನು ಓದಿ. ಮೊದಲೆರಡು ನಿಮ್ಮನ್ನು ಯಾವ ಬೀದಿಯಲ್ಲಿ ನಿಲ್ಲಬೇಕೆಂದು ಹೇಳುತ್ತವೆ, ಉಳಿದ ಮೂರು ಒಳಹೋದ ಮೇಲೆ ಬೇಕಾದವು.

## ಹಂತ 8: ಪಂದ್ಯದ ದಿನ

ಬೆಳಿಗ್ಗೆ ಎದ್ದ ಕೂಡಲೇ ಕ್ಲಬ್ಬಿನ ಅಧಿಕೃತ ಪುಟ ನೋಡುವುದು ಚಳಿಗಾಲದಲ್ಲಿ ಕಡ್ಡಾಯ. ಪ್ರೀಮಿಯರ್ ಲೀಗ್ ಮೈದಾನಗಳ ಹುಲ್ಲಿನಡಿ ಬಿಸಿ ಕೊಳವೆಗಳಿರುತ್ತವೆ. ಕೆಳ ದರ್ಜೆಗಳ ಅನೇಕ ಮೈದಾನಗಳಲ್ಲಿ ಇಲ್ಲ. ಹಿಂದಿನ ರಾತ್ರಿ ಶೂನ್ಯಕ್ಕಿಂತ ಕೆಳಗೆ ಹೋಗಿದ್ದರೆ, ಅಥವಾ ಎರಡು ದಿನ ಬಿಡದೆ ಮಳೆ ಸುರಿದಿದ್ದರೆ, ರೆಫರಿ ಬೆಳಿಗ್ಗೆ ನೆಲ ಪರೀಕ್ಷಿಸುತ್ತಾರೆ. ಪರೀಕ್ಷೆ ಇದೆ ಎಂಬ ಪ್ರಕಟಣೆ ಕಂಡರೆ ಫಲಿತಾಂಶ ಬರುವವರೆಗೆ ರೈಲು ಹತ್ತಬೇಡಿ. ನಾನೊಮ್ಮೆ ಜನವರಿಯಲ್ಲಿ ಇದನ್ನು ನೋಡದೆ ಎರಡು ರೈಲು ಬದಲಿಸಿ ಹೋಗಿದ್ದೆ. ಗೇಟಿಗೆ ಅಂಟಿಸಿದ ಕಾಗದವೊಂದೇ ನನಗಾಗಿ ಕಾದಿತ್ತು. ಒಳಗೆ ಹುಲ್ಲು ಬೆಳ್ಳಗೆ ಗಟ್ಟಿಯಾಗಿತ್ತು. ಮುಂದೂಡಿದ ಪಂದ್ಯದ ಟಿಕೆಟ್ ಸಾಮಾನ್ಯವಾಗಿ ಹೊಸ ದಿನಾಂಕಕ್ಕೂ ನಡೆಯುತ್ತದೆ ಅಥವಾ ಹಣ ಮರಳುತ್ತದೆ, ಆದರೆ ರೈಲಿನ ಹಣ ಹೋದದ್ದು ಹೋಯಿತು. ಡಿಸೆಂಬರ್, ಜನವರಿ, ಫೆಬ್ರುವರಿಯ ಪ್ರತಿ ಪಂದ್ಯಕ್ಕೂ ಸುತ್ತಮುತ್ತ ಇನ್ನೊಂದು ಪಂದ್ಯವನ್ನು ಬದಲಿಯಾಗಿ ಗುರುತಿಸಿಟ್ಟುಕೊಳ್ಳಿ.

ಚೀಲ ಎ4 ಹಾಳೆಗಿಂತ ದೊಡ್ಡದಾಗಿದ್ದರೆ ಬಹಳ ಮೈದಾನಗಳಲ್ಲಿ ಒಳಬಿಡುವುದಿಲ್ಲ, ಇಟ್ಟುಕೊಳ್ಳುವ ವ್ಯವಸ್ಥೆಯನ್ನೂ ನೆಚ್ಚಿಕೊಳ್ಳುವಂತಿಲ್ಲ. ಕೊಠಡಿ ಬಿಟ್ಟ ದಿನವೇ ಪಂದ್ಯವಿದ್ದರೆ ಸೂಟ್‌ಕೇಸನ್ನು ಹೋಟೆಲಿನಲ್ಲಿಯೋ ದೊಡ್ಡ ನಿಲ್ದಾಣದ ಸಾಮಾನು ಕೊಠಡಿಯಲ್ಲಿಯೋ ಇಟ್ಟು ಹೋಗಿ. ಹಳೆಯ ಮೈದಾನಗಳ ಕಬ್ಬಿಣದ ತಿರುಗುಗೇಟು ಎಷ್ಟು ಇಕ್ಕಟ್ಟೆಂದರೆ ಬೆನ್ನಿನ ಮೇಲೆ ಸಣ್ಣ ಚೀಲವಿದ್ದರೂ ಸಿಕ್ಕಿಕೊಳ್ಳುತ್ತದೆ. ಎದೆಗೆ ಹಿಡಿದು ಅಡ್ಡಡ್ಡ ನುಸುಳಬೇಕು. ಉದ್ದ ಲೆನ್ಸಿನ ಕ್ಯಾಮೆರಾ ತರಬೇಡಿ.

ಉಡುಪಿನ ಬಣ್ಣ ಸಣ್ಣ ವಿಷಯವಲ್ಲ. ಆತಿಥೇಯರ ನಡುವೆ ಎದುರಾಳಿಯ ಬಣ್ಣ ತೊಟ್ಟು ಕೂತರೆ, ಎದುರಾಳಿ ಗೋಲು ಹೊಡೆದಾಗ ಎದ್ದು ನಿಂತರೆ, ಮೈದಾನದ ಸಿಬ್ಬಂದಿ ಹೊರಗೆ ಕಳುಹಿಸಬಹುದು. ಕಡು ಬೂದು ಬಣ್ಣದ ಕೋಟು 92ಕ್ಕೂ ಹೊಂದುತ್ತದೆ.

ಕಾನೂನಿನ ಎರಡು ಮಾತು. ಆಟದಂಗಣ ಕಾಣುವ ಜಾಗದಲ್ಲಿ ಮದ್ಯ ಇಟ್ಟುಕೊಳ್ಳುವುದು, ಅಮಲಿನಲ್ಲಿ ಒಳಬರಲು ಯತ್ನಿಸುವುದು 1985ರ ಕಾಯಿದೆಯಡಿ ಅಪರಾಧ. ಒಳಗಿನ ಮಳಿಗೆಯಲ್ಲಿ ಬಿಯರ್ ಮಾರುತ್ತಾರಾದರೂ ಅದನ್ನು ಸೀಟಿಗೆ ಒಯ್ಯುವಂತಿಲ್ಲ. ಆಟದಂಗಣಕ್ಕೆ ಇಳಿಯುವುದು 1991ರ ಕಾಯಿದೆಯಡಿ ಅಪರಾಧ. ಋತುವಿನ ಕೊನೆಯ ದಿನ ಎಲ್ಲರೂ ಬೇಲಿ ಹಾರುತ್ತಿದ್ದಾರೆಂದು ಫೋಟೋಗಾಗಿ ನೀವೂ ಹಾರಬೇಡಿ. ವೀಸಾದ ಮೇಲೆ ಬಂದವರಿಗೆ ಅದರ ಬೆಲೆ ಸ್ಥಳೀಯರಿಗಿಂತ ದುಬಾರಿಯಾದೀತು.

ಮೊದಲ ಭೇಟಿಗೆ ಒಂದೂಕಾಲು ಗಂಟೆ ಮುಂಚೆ ತಲುಪಿ. ಹೊರಗೆ ಪೂರ್ತಿ ಒಂದು ಸುತ್ತು ನಡೆದು ಫೋಟೋಗಳನ್ನು ಆಗಲೇ ತೆಗೆದುಕೊಳ್ಳಿ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಯ ಸುಮಾರಿಗೆ ಕತ್ತಲಾಗುವುದರಿಂದ, ಪಂದ್ಯ ಮುಗಿದ ಮೇಲೆ ತೆಗೆಯುತ್ತೇನೆಂದರೆ ದೀಪ ಮತ್ತು ಜನರ ತಲೆಗಳಷ್ಟೇ ಸಿಗುತ್ತವೆ.

## ಹಂತ 9: ಹೊರಡುವುದು ಮತ್ತು ದಾಖಲಿಸುವುದು

ಪಂದ್ಯ ಮುಗಿದ ಕೂಡಲೇ ನಿಲ್ದಾಣಕ್ಕೆ ಓಡಿದರೆ ಸಾವಿರಾರು ಮಂದಿಯ ಸಾಲಿನಲ್ಲಿ ನಿಲ್ಲುತ್ತೀರಿ. ದೊಡ್ಡ ಮೈದಾನಗಳಲ್ಲಿ ಎರಡು ದಾರಿಗಳಿವೆ: ಅರ್ಧ ಗಂಟೆ ಹತ್ತಿರದಲ್ಲೇ ಕಾಲ ಕಳೆಯುವುದು, ಇಲ್ಲವೇ ಮುಂದಿನ ನಿಲ್ದಾಣಕ್ಕೆ ನಡೆಯುವುದು. ಮೂರು ಗಂಟೆಯ ಪಂದ್ಯಕ್ಕೆ ಆರರ ನಂತರದ ರೈಲನ್ನು ಲೆಕ್ಕಕ್ಕೆ ಹಿಡಿದರೆ ಕೊನೆಯ ಹತ್ತು ನಿಮಿಷ ಗಡಿಯಾರ ನೋಡುತ್ತ ಕೂರಬೇಕಾಗುವುದಿಲ್ಲ.

ಫೋನಿನೊಳಗಿನ ಟಿಕೆಟ್ ಕೆಲವು ದಿನಗಳಲ್ಲಿ ಕಣ್ಮರೆಯಾಗಬಹುದು. ಕಾಗದದ ಟಿಕೆಟ್ಟಿನಂತೆ ಡೈರಿಯಲ್ಲಿ ಉಳಿಯುವುದಿಲ್ಲ. ರೈಲಿನಲ್ಲಿ ಕೂತ ಕೂಡಲೇ ಅದರ ಚಿತ್ರ ತೆಗೆದಿಟ್ಟು, ದಿನಾಂಕ, ಎದುರಾಳಿ, ಯಾವ ಸ್ಪರ್ಧೆ, ಫಲಿತಾಂಶ, ಸೀಟು ಇಷ್ಟನ್ನು ಸ್ಪ್ರೆಡ್‌ಶೀಟಿನಲ್ಲಿ ತುಂಬಿ. ಮುದ್ರಿತ ಪಂದ್ಯಪುಸ್ತಿಕೆಯನ್ನು ಇನ್ನೂ ಮಾರುವ ಕ್ಲಬ್ಬುಗಳಲ್ಲಿ ಒಂದು ಪ್ರತಿ ಕೊಂಡಿಡಿ. ದಿನಾಂಕ ಮತ್ತು ಎದುರಾಳಿ ಅಚ್ಚಾಗಿರುವ ಪುರಾವೆ ಅದೊಂದೇ. ನಂತರ ಅದೇ ರಾತ್ರಿ ಪಟ್ಟಿಯ ಮುಂದಿನ ಸಾಲಿಗೆ ಹೋಗಿ, ಆ ಪಂದ್ಯದ ದಿನಾಂಕ ಇನ್ನೂ ಹಾಗೆಯೇ ಇದೆಯೇ ಎಂದು ಮತ್ತೊಮ್ಮೆ ನೋಡಿ.